ಪ್ಲಾನ್ ನೋಡಲು ಹೋಗಿ ಬೆಲ್ಲದ ಲೆಕ್ಕವನ್ನೇ ಅಳಿಸಿದೆ

ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನಲ್ಲಿ ಕೆಲಸ ಮಾಡುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಡೇಟಾಬೇಸ್‌ಗೆ ಕೊಡುವ ಆಜ್ಞೆಗೆ ಕ್ವೆರಿ ಅನ್ನುತ್ತಾರೆ, ಅದನ್ನು ಅದು ಹೇಗೆ ಓಡಿಸುತ್ತದೆ ಅನ್ನುವುದೇ ಪ್ಲಾನ್. ಆ ಪ್ಲಾನ್ ನೋಡಲು ಡಿಲೀಟ್ ಕ್ವೆರಿಯ ಮುಂದೆ ‘ಎಕ್ಸ್‌ಪ್ಲೇನ್ ಅನಲೈಜ್’ ಅಂತ ಸೇರಿಸಿ ಎಂಟರ್ ಒತ್ತಿದರೆ ಅದು ನಿಜವಾಗಿಯೂ ಡಿಲೀಟ್ ಮಾಡುತ್ತದೆ. ನನಗೆ ಇದು ಗೊತ್ತಾಗಿದ್ದು ಮಂಡ್ಯದ ಒಂದು ಬೆಲ್ಲದ ಮಂಡಿಯಲ್ಲಿ, ಮಧ್ಯಾಹ್ನ 12 ಗಂಟೆಗೆ, ಹೊರಗೆ ಗಾಡಿಗಳು ಸಾಲಾಗಿ ನಿಂತಿದ್ದಾಗ.

ಆ ಮಂಡಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಟ್ಟವನು ನಾನೇ. ಅಚ್ಚು, ಬಕೆಟ್, ಕುರಿಕಾಲು ಅಂತ ಬೆಲ್ಲ ಬಂದ ಹಾಗೆ ಒಂದೊಂದು ಚೀಟಿ. ಆಲೆಮನೆಯವರು ತೆಗೆದುಕೊಂಡ ಮುಂಗಡ, ಅದಕ್ಕೆ ಮುರಿದುಕೊಂಡ ಹಣ, ಕೊಟ್ಟ ಬಟವಾಡೆ ಎಲ್ಲ ಇನ್ನೊಂದು ಟೇಬಲ್‌ನಲ್ಲಿ. ಅದನ್ನು ಫಾರಿನ್ ಕೀ, ಅಂದರೆ ಒಂದು ಟೇಬಲ್ಲಿನ ಸಾಲನ್ನು ಇನ್ನೊಂದರ ಸಾಲಿಗೆ ಕಟ್ಟುವ ಕೊಂಡಿ, ಹಾಕಿ ಚೀಟಿಗೆ ಜೋಡಿಸಿದ್ದೆ. ಚೀಟಿ ಹೋದರೆ ಅದರ ಲೆಕ್ಕದ ಸಾಲುಗಳೂ ಹೋಗಲಿ ಅಂತ ಕ್ಯಾಸ್ಕೇಡ್ ಬೇರೆ. ಬರೆಯುವಾಗ ಬಹಳ ಜಾಣತನ ಅನ್ನಿಸಿತ್ತು.

ಯಜಮಾನರು ಒಂದು ದಿನ, “ಹಳೇ ಚೀಟಿ ತೆಗೆದುಬಿಡಪ್ಪ, ಕಂಪ್ಯೂಟರ್ ಎಳೀತಾ ಇದೆ” ಅಂದರು. ತೆಗೆಯಲು ಹೋದರೆ ಒಂದು ತಿಂಗಳ ಚೀಟಿಗೇ ನಿಮಿಷಗಟ್ಟಲೆ ಕಾಯಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಕ್ವೆರಿ ತಕ್ಷಣ ಮುಗಿಯುತ್ತಿತ್ತು. ಅಲ್ಲಿದ್ದದ್ದೇ 2,000 ಸಾಲು, ನಿಧಾನ ಆಗೋದಾದರೂ ಹೇಗೆ? ಸರಿ, ಮಂಡಿಯ ಸರ್ವರ್‌ನಲ್ಲೇ ಪ್ಲಾನ್ ನೋಡೋಣ ಅಂತ ಕೂತೆ.

ಮೊದಲು ನಾನು ಮೈಎಸ್‌ಕ್ಯುಎಲ್ ಅನ್ನುವ ಇನ್ನೊಂದು ಡೇಟಾಬೇಸ್‌ನಲ್ಲಿ ಕೆಲಸ ಮಾಡುತ್ತಿದ್ದವನು. ಬರೀ ಎಕ್ಸ್‌ಪ್ಲೇನ್ ಹಾಕಿದರೆ ಕ್ವೆರಿ ಓಡುವುದಿಲ್ಲ, ಅಂದಾಜು ಮಾತ್ರ ಬರುತ್ತದೆ ಅಂತ ಗೊತ್ತಿತ್ತು. ಅನಲೈಜ್ ಸೇರಿಸಿದರೆ ವಿವರ ಸ್ವಲ್ಪ ಜಾಸ್ತಿ ಬರುತ್ತದೆ ಅಂದುಕೊಂಡೆ, ಅಷ್ಟೇ. ಇನ್ನೊಂದು ದಡ್ಡತನವೂ ಆಯಿತು. ‘ಲೆಕ್ಕ ಚುಕ್ತಾ ಆದ ಚೀಟಿ ಮಾತ್ರ’ ಎನ್ನುವ ಷರತ್ತನ್ನು ತೆಗೆದುಹಾಕಿದೆ. ಸುಮ್ನೆ ಪ್ಲಾನ್ ನೋಡೋದು ತಾನೇ, ಅದೆಲ್ಲ ಯಾಕೆ ಅಂತ.

11 ನಿಮಿಷ ಆದ ಮೇಲೆ ಉತ್ತರ ಬಂತು. ಡಿಲೀಟ್‌ಗೆ ಒಂದು ಸೆಕೆಂಡೂ ಹಿಡಿದಿರಲಿಲ್ಲ. ಕೊನೆಯಲ್ಲಿ ಫಾರಿನ್ ಕೀ ಟ್ರಿಗರ್ ಅಂತ ಒಂದು ಸಾಲು ಇತ್ತು, ಅಂದರೆ ಚೀಟಿಯ ಜೊತೆ ಅದರ ಲೆಕ್ಕದ ಸಾಲುಗಳನ್ನೂ ಅಳಿಸುವ ಕೆಲಸ. ಉಳಿದ ಹೊತ್ತನ್ನೆಲ್ಲ ಅದೇ ನುಂಗಿತ್ತು. ಕಾರಣ ತಕ್ಷಣ ಹೊಳೆಯಿತು. ಮೈಎಸ್‌ಕ್ಯುಎಲ್‌ನಲ್ಲಿ ಡೇಟಾ ಇಡುವ ಇನ್ನೋಡಿಬಿ ಅನ್ನುವ ಭಾಗ, ಫಾರಿನ್ ಕೀ ಕಾಲಮ್‌ಗೆ ತಾನೇ ಇಂಡೆಕ್ಸ್, ಅಂದರೆ ಬೇಗ ಹುಡುಕಲು ಬೇಕಾದ ಸೂಚಿ, ಮಾಡಿಕೊಳ್ಳುತ್ತದೆ. ಪೋಸ್ಟ್‌ಗ್ರೆಸ್ ಮಾಡುವುದಿಲ್ಲ, ನಾವೇ ಮಾಡಬೇಕು. ನಾನು ಮಾಡಿರಲಿಲ್ಲ. ಹಾಗಾಗಿ ಒಂದೊಂದು ಚೀಟಿ ಅಳಿಸುವಾಗಲೂ ಅದು ಲೆಕ್ಕದ ಟೇಬಲ್ಲನ್ನು ತಲೆಯಿಂದ ಬುಡದವರೆಗೆ ಹುಡುಕುತ್ತಿತ್ತು.

ಸಿಕ್ಕಿತಲ್ಲ ಅಂತ ಖುಷಿಯಾಗಿ ಟೀ ತರಿಸಿದೆ. ಟೀ ಬರುವ ಮೊದಲೇ ಕೌಂಟರ್‌ನಿಂದ ಕೂಗು. “ಸಾರ್, ಈ ಅಣ್ಣನ ಹೋದ ವರ್ಷದ ಮುಂಗಡವೇ ತೋರಿಸ್ತಿಲ್ಲ.” ಆ ಅಣ್ಣನ ಮುಖದಲ್ಲೇನೂ ಬೇಸರ ಇರಲಿಲ್ಲ ಅನ್ನಿ, ಸಾಲ ಹೋಯಿತಲ್ಲ! ಹಿಂದೆ ನಿಂತಿದ್ದವರಿಗೆ ಮಾತ್ರ ಮಂಡಿಯಿಂದಲೇ ದುಡ್ಡು ಬರಬೇಕಿತ್ತು. “ಏನ್ ಸ್ವಾಮಿ, ನನ್ನ ಲೆಕ್ಕಾನೂ ಇಲ್ವಾ?” ಅಂದರು ಒಬ್ಬರು. ಎಣಿಸಿ ನೋಡಿದರೆ 41,000ಕ್ಕೂ ಹೆಚ್ಚು ಚೀಟಿ ಮಾಯ, ಜೊತೆಗೆ ಅವುಗಳ ಲೆಕ್ಕವೂ.

ಪೋಸ್ಟ್‌ಗ್ರೆಸ್‌ನಲ್ಲಿ ಬಿಗಿನ್ ಅಂತ ಶುರು ಮಾಡದಿದ್ದರೆ ಪ್ರತಿ ಕಮಾಂಡೂ ಮುಗಿದ ತಕ್ಷಣ ಪಕ್ಕಾ ಆಗಿಬಿಡುತ್ತದೆ. ಆಮೇಲೆ ಮಾಡಿದ್ದನ್ನು ರದ್ದು ಮಾಡುವ ರೋಲ್‌ಬ್ಯಾಕ್ ಅಂತ ಎಷ್ಟು ಸಲ ಒತ್ತಿದರೂ ಅಷ್ಟೇ. ನಾನು ಒತ್ತಿದೆ, ನಾಲ್ಕು ಸಲ.

ಪುಣ್ಯಕ್ಕೆ ರಾತ್ರಿ 2 ಗಂಟೆಯ ಬ್ಯಾಕಪ್ ಇತ್ತು. ಅದನ್ನು ಬೇರೆ ಡೇಟಾಬೇಸ್‌ಗೆ ಇಳಿಸಿ, ಇಲ್ಲದ ಚೀಟಿಗಳನ್ನು ಮೊದಲು ತುಂಬಿ, ಆಮೇಲೆ ಲೆಕ್ಕದ ಸಾಲುಗಳನ್ನು ತುಂಬಿದೆ. ತಿರುಗಾಮುರುಗಾ ಮಾಡಿದರೆ ಫಾರಿನ್ ಕೀ ಒಪ್ಪುವುದಿಲ್ಲ. ಆದರೆ ಅವತ್ತು ಬೆಳಗ್ಗೆಯಿಂದ ಹಳೇ ಚೀಟಿಗಳ ಮೇಲೆ ಕೊಟ್ಟ ಹಣ ಬ್ಯಾಕಪ್‌ನಲ್ಲಿ ಎಲ್ಲಿಂದ ಬರಬೇಕು? ಕಾರ್ಬನ್ ಹಾಳೆಯ ರಸೀದಿ ಪುಸ್ತಕ ತೆಗೆದು ನಾನೂ ಗುಮಾಸ್ತರೂ ಒಂದೊಂದಾಗಿ 37 ಎಂಟ್ರಿ ಹಾಕಿದೆವು. ಎದ್ದಾಗ ರಾತ್ರಿ ಒಂಬತ್ತೂವರೆ.

ನಿಮಗೆ ಡಿಲೀಟ್, ಅಪ್‌ಡೇಟ್, ಇನ್ಸರ್ಟ್ ಯಾವುದರ ಪ್ಲಾನ್ ಬೇಕಾದರೂ ಬರೀ ಎಕ್ಸ್‌ಪ್ಲೇನ್‌ನಿಂದ ಶುರು ಮಾಡಿ. ನಿಜವಾದ ಸಮಯವೇ ಬೇಕೆಂದರೆ ಬಿಗಿನ್, ಆಮೇಲೆ ಎಕ್ಸ್‌ಪ್ಲೇನ್ ಅನಲೈಜ್, ಆಮೇಲೆ ರೋಲ್‌ಬ್ಯಾಕ್. ಅದೂ ಬ್ಯಾಕಪ್ ಇಳಿಸಿಕೊಂಡ ಪ್ರತಿಯ ಮೇಲೆ. ಯಾಕೆಂದರೆ ರೋಲ್‌ಬ್ಯಾಕ್ ಮಾಡುವವರೆಗೂ ಆ ಸಾಲುಗಳ ಮೇಲೆ ಲಾಕ್ ಇರುತ್ತದೆ, ಅವನ್ನು ತಿದ್ದಲು ಬಂದವರು ಕಾಯುತ್ತಾ ಕೂರಬೇಕಾಗುತ್ತದೆ.

ಇಂಡೆಕ್ಸನ್ನು ಮರುದಿನ ಹಾಕಿದೆ. ‘ಕನ್‌ಕರೆಂಟ್ಲಿ’ ಅಂತ ಸೇರಿಸಿದ್ದರಿಂದ ಚೀಟಿ ಬರೆಯುವ ಕೆಲಸ ನಿಲ್ಲಲಿಲ್ಲ. ಪ್ರತಿಯ ಮೇಲೂ ಅದೇ ಇಂಡೆಕ್ಸ್ ಹಾಕಿ ಅದೇ ಡಿಲೀಟ್ ಓಡಿಸಿದರೆ ನಾಲ್ಕು ಸೆಕೆಂಡಿನಲ್ಲಿ ಮುಗಿಯಿತು. ಈಗ ತೆಗೆಯಬಹುದು ಅಂತ ಯಜಮಾನರಿಗೆ ಹೇಳಿದೆ. “ಇರಲಿ ಬಿಡಪ್ಪ,” ಅಂದರು, “ಹಳೇ ಚೀಟಿ ಏನು ಅನ್ನ ಕೇಳುತ್ತಾ?”