12 ವೋಲ್ಟ್ ದೀಪಕ್ಕೊಂದು ನಾಬ್: ನಾನು ಹಾಕಿ ನೋಡಿದ ದಾರಿಗಳು

ಮಂಚದ ಪಕ್ಕದ ದೀಪವನ್ನು ನಡುರಾತ್ರಿ ಹಾಕಿದರೆ ಕಣ್ಣಿಗೆ ಚುಚ್ಚುತ್ತಿತ್ತು. ನನ್ನ ತಕರಾರು ಇಷ್ಟೇ. ಸಂಜೆ ಓದಲು ಪೂರ್ತಿ ಬೆಳಕು ಬೇಕು, ರಾತ್ರಿ ನೀರಿನ ಲೋಟ ಕಂಡರೆ ಸಾಕು. ಹಾಗಾಗಿ ಯಾವ ಸರ್ಕ್ಯೂಟ್ ಜೋಡಿಸಿದರೂ ಮೊದಲು ನಾಬನ್ನು ಕೆಳಗಿನ ತುದಿಗೆ ತಿರುಗಿಸಿ ನೋಡುತ್ತಿದ್ದೆ. ಮೇಲಿನ ತುದಿಯಲ್ಲಿ ಎಲ್ಲವೂ ಸಾಧುವೇ. ಬಣ್ಣ ಬಯಲಾಗುವುದು ಕೆಳಗೆ.

ಪವರ್ ಸಪ್ಲೈ ತೂತು ತೂತಿನ ತಗಡಿನ ಡಬ್ಬಿ. 12 ವೋಲ್ಟ್ ಡಿಸಿ, 5 ಆಂಪ್. ದೀಪ ಎರಡು. ಒಂದು 20 ವ್ಯಾಟ್ ಹ್ಯಾಲೊಜೆನ್, ಸುಮಾರು 1.7 ಆಂಪ್ ಎಳೆಯುತ್ತದೆ. ಇನ್ನೊಂದು ಒಂದು ಮೀಟರ್ ಎಲ್‌ಇಡಿ ಪಟ್ಟಿ, 60 ಎಲ್‌ಇಡಿ ಇರುವಂಥದ್ದು, 1.2 ಆಂಪ್. ಎರಡನ್ನೂ ಇಟ್ಟುಕೊಂಡದ್ದು ಒಳ್ಳೆಯದಾಯಿತು. ಒಂದಕ್ಕೆ ಒಪ್ಪಿದ್ದು ಇನ್ನೊಂದಕ್ಕೆ ಒಪ್ಪಲೇ ಇಲ್ಲ.

ಮೊದಲು ರಿಯೋಸ್ಟಾಟ್, ಅಂದರೆ ನಾಬ್ ತಿರುಗಿಸಿ ಹೆಚ್ಚುಕಡಿಮೆ ಮಾಡುವ ರೆಸಿಸ್ಟರ್. ತಂತಿ ಸುತ್ತಿದ 25 ಓಮ್, 25 ವ್ಯಾಟ್‌ನದು. ದೀಪದ ಸಾಲಿನಲ್ಲಿ ಸೇರಿಸಿದರೆ ಕೆಲಸ ಮುಗಿಯಿತು. ಹ್ಯಾಲೊಜೆನ್ ಮಟ್ಟಿಗೆ ಇದರ ಬೆಳಕು ಬಹಳ ಚೆಂದ. ನಾಬ್ ಇಳಿಸುತ್ತಾ ಹೋದಂತೆ ಬಿಳಿ ಹಳದಿಯಾಗಿ, ಹಳದಿ ಕೆಂಡದ ಬಣ್ಣವಾಗಿ, ಕೊನೆಗೆ ಫಿಲಮೆಂಟ್ ಮಾತ್ರ ಕಾಣುತ್ತದೆ. ಮಿಣುಕಿಲ್ಲ, ಸದ್ದಿಲ್ಲ. ಆದರೆ ಒಂದು ವಾರದಲ್ಲಿ ಸುಟ್ಟ ವಾಸನೆ ಬಂತು. ಬಿಚ್ಚಿ ನೋಡಿದರೆ ಒಂದು ತುದಿಯ ನಾಲ್ಕೈದು ಸುತ್ತು ಕಪ್ಪಾಗಿದ್ದವು.

ತಪ್ಪು ನನ್ನದೇ. ದೀಪವನ್ನು 6 ವೋಲ್ಟಿಗೆ ಇಳಿಸಿದಾಗ ರಿಯೋಸ್ಟಾಟ್ ತಿನ್ನುವುದು ಏಳು ವ್ಯಾಟ್ ಮಾತ್ರ, 25 ವ್ಯಾಟ್‌ನದಕ್ಕೆ ಅದೇನು ಮಹಾ ಅಂದುಕೊಂಡಿದ್ದೆ. ಆದರೆ ಆ 25 ವ್ಯಾಟ್ ಇಡೀ ಸುರುಳಿಗೆ ಸೇರಿದ ಲೆಕ್ಕ. 25 ಓಮ್‌ನಲ್ಲಿ 25 ವ್ಯಾಟ್ ಅಂದರೆ 1 ಆಂಪ್. ಸುರುಳಿಯ ಯಾವ ತುಂಡಿನಲ್ಲೂ ಅದಕ್ಕಿಂತ ಜಾಸ್ತಿ ಹರಿಯಬಾರದು. ನನ್ನ ದೀಪ ಅರ್ಧ ವೋಲ್ಟೇಜಿನಲ್ಲೂ 1.1 ಆಂಪ್ ಎಳೆಯುತ್ತಿತ್ತು. ಫಿಲಮೆಂಟ್ ತಣ್ಣಗಾದಷ್ಟೂ ಅದರ ರೆಸಿಸ್ಟನ್ಸ್ ಇಳಿಯುತ್ತದಲ್ಲ, ಹಾಗಾಗಿ ವೋಲ್ಟೇಜ್ ಅರ್ಧಕ್ಕಿಳಿದರೂ ಕರೆಂಟ್ ಅರ್ಧಕ್ಕೆ ಇಳಿಯುವುದಿಲ್ಲ. ಎಲ್‌ಇಡಿ ಪಟ್ಟಿಯಲ್ಲಿ ಬೇರೆ ತೊಂದರೆ. 25 ಓಮ್ ಪೂರ್ತಿ ಸೇರಿಸಿದರೂ ಸುಮಾರು ಹತ್ತನೇ ಒಂದು ಭಾಗ ಕರೆಂಟ್ ಉಳಿಯುತ್ತದೆ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಅದು ಜೋರು ಬೆಳಕೇ.

ಎರಡನೆಯದು ಎಲ್‌ಎಂ317, ಹೊರಗೆ ಬರುವ ವೋಲ್ಟೇಜನ್ನು ಬೇಕಾದಷ್ಟಕ್ಕೆ ಇಳಿಸಿ ಹಿಡಿದಿಡುವ ಐಸಿ. ಇದರ ಮೇಲೆ ನನಗೆ ಹಳೆಯ ಮೋಹ. ಎರಡು ರೆಸಿಸ್ಟರ್, ಎರಡು ಕೆಪಾಸಿಟರ್, ಮುಗಿಯಿತು. ಆದರೆ ಒಳಗೆ ಹೋದದ್ದಕ್ಕಿಂತ ಎರಡು ವೋಲ್ಟ್ ಕಡಿಮೆಯೇ ಹೊರಗೆ ಬರುತ್ತದೆ. 12 ಕೊಟ್ಟರೆ ಸಿಗುವುದು 10. ಫಿಲಮೆಂಟ್ ದೀಪದ ಬೆಳಕು ವೋಲ್ಟೇಜಿನ ಮೂರೂವರೆ ಘಾತದಷ್ಟು ಏರಿಳಿಯುತ್ತದೆ, ಅಂದರೆ 10 ವೋಲ್ಟಿನಲ್ಲಿ ಅರ್ಧ ಬೆಳಕು ಅಲ್ಲೇ ಹೋಯಿತು. ಅದು ಬೇಡವೆಂದರೆ 15 ವೋಲ್ಟಿನ ಸಪ್ಲೈ ಬೇಕು, ಆಗ ಬಿಸಿ ಇನ್ನೂ ಜಾಸ್ತಿ. ಬಿಸಿಯ ವಿಷಯದಲ್ಲಿ ಇದೂ ರಿಯೋಸ್ಟಾಟಿನ ತಮ್ಮನೇ. ಅದೇ ಏಳು ವ್ಯಾಟ್, ಆದರೆ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ. ಸಣ್ಣ ಹೀಟ್‌ಸಿಂಕ್ ಹಾಕಿದ್ದೆ. ಹತ್ತು ನಿಮಿಷಕ್ಕೆ ಐಸಿ ತನ್ನನ್ನು ತಾನೇ ಕಾಪಾಡಿಕೊಳ್ಳಲು ದೀಪವನ್ನು ಮಂಕು ಮಾಡಿತು. ಮೇಲಾಗಿ ಇದು ತಡೆಯುವುದೇ 1.5 ಆಂಪ್, ಹ್ಯಾಲೊಜೆನ್‌ಗೆ ಮೊದಲೇ ಸಾಲದು.

ಎಲ್‌ಇಡಿ ಪಟ್ಟಿಯಲ್ಲಿ ಇದರ ಆಟ ನೋಡಬೇಕು. ಪಟ್ಟಿಯಲ್ಲಿ ಮೂರು ಮೂರು ಎಲ್‌ಇಡಿ ಒಂದು ಸಾಲಿನಲ್ಲಿರುತ್ತವೆ. ಎಂಟು ವೋಲ್ಟಿನ ಆಚೀಚೆ ಅವು ಆರಿಹೋಗುತ್ತವೆ. ಅಂದರೆ ನಾಬಿನ ಬಹುಪಾಲು ತಿರುವು ದಂಡ, ಎಲ್ಲ ಕೆಲಸ ಒಂದೆರಡು ವೋಲ್ಟಿನ ಒಳಗೆ. ಆರುವ ಹಂತಕ್ಕೆ ಇಳಿಸಿದರೆ ಎಲ್ಲ ತುಂಡುಗಳೂ ಒಟ್ಟಿಗೆ ಮಂಕಾಗುವುದಿಲ್ಲ. ಒಂದು ಕಡೆ ಮೂರು ಕಣ್ಣು ಮುಚ್ಚುತ್ತವೆ, ಪಕ್ಕದವು ಇನ್ನೂ ಪಿಳಿಪಿಳಿ ನೋಡುತ್ತಿರುತ್ತವೆ. ಪ್ರತಿ ಎಲ್‌ಇಡಿ ಹತ್ತಿಕೊಳ್ಳುವ ವೋಲ್ಟೇಜ್ ಒಂದಿಷ್ಟು ಹೆಚ್ಚುಕಡಿಮೆ ಇರುವುದರಿಂದ ಹೀಗೆ.

ವೋಲ್ಟೇಜನ್ನು ಬಿಸಿಯಾಗಿ ಸುಡದೆ ಇಳಿಸುವ ಬಕ್ ಕನ್ವರ್ಟರ್ ಹಲಗೆಯನ್ನೂ ಸಿಕ್ಕಿಸಿ ನೋಡಿದೆ, ಎಲ್‌ಎಂ2596 ಇರುವಂಥದ್ದು. ಬಿಸಿ ಮಾಯವಾಯಿತು, ಎಲ್‌ಇಡಿಯ ಕಥೆ ಮಾತ್ರ ಅದೇ. ಕೆಳಗೆ ಹೋದದ್ದು ವೋಲ್ಟೇಜ್ ತಾನೇ. ಒಂದು ಎಚ್ಚರಿಕೆ: ಹಲಗೆಯ ಪುಟ್ಟ ಪಾಟ್ (ತಿರುಗಿಸುವ ರೆಸಿಸ್ಟರ್) ಕಿತ್ತು ಹೊರಗೆ ದೊಡ್ಡ ಪಾಟ್ ಹಾಕುವುದಾದರೆ ಸಂಪರ್ಕ ಗಟ್ಟಿಯಾಗಿರಲಿ. ಪಾಟಿನ ಸಂಪರ್ಕ ಒಂದು ಕ್ಷಣ ತಪ್ಪಿದರೂ ವೋಲ್ಟೇಜ್ ಸೀದಾ ತುದಿಗೆ ಜಿಗಿಯುತ್ತದೆ. ನಡುರಾತ್ರಿ ಅದು ಫ್ಲಾಶ್ ಹೊಡೆದ ಹಾಗೆ.

ಸಪ್ಲೈ ಡಬ್ಬಿಯಲ್ಲೇ ಇರುವ ವೋಲ್ಟೇಜ್ ಸ್ಕ್ರೂ ತಿರುಗಿಸಿದರೆ ಆಗದೇ? ಅದೂ ಆಯಿತು. ಹನ್ನೆರಡರಿಂದ ಹನ್ನೊಂದರ ಹತ್ತಿರ ಬರುವಷ್ಟರಲ್ಲಿ ಸ್ಕ್ರೂ ಮುಗಿಯಿತು. ಒಳಗಿನ ರೆಸಿಸ್ಟರ್ ಬದಲಿಸಿ ಇನ್ನೂ ಇಳಿಸುವ ಯೋಚನೆ ಬೇಡ. ಒಳಗಿನ ಕಂಟ್ರೋಲ್ ಐಸಿ ಬದುಕುವುದೇ ಅದೇ ಟ್ರಾನ್ಸ್‌ಫಾರ್ಮರಿನ ಇನ್ನೊಂದು ಸುತ್ತಿನಿಂದ. ಹೊರಗಿನ ವೋಲ್ಟೇಜ್ ತೀರಾ ಇಳಿದರೆ ಅದಕ್ಕೂ ಉಪವಾಸ, ಸಪ್ಲೈ ಬಿಕ್ಕಳಿಸಲು ಶುರು ಮಾಡುತ್ತದೆ. ಸಾಲದ್ದಕ್ಕೆ ಅಲ್ಲಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿ ತುಂಬಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು. ಗೋಡೆಯ ಡಿಮ್ಮರ್ ಈ ಬಗೆಯ ಸಪ್ಲೈಗೆ ಹೊಂದುವುದೇ ಇಲ್ಲ. ಅದು ಎಷ್ಟು ಕತ್ತರಿಸಿದರೂ ಸಪ್ಲೈ 12 ವೋಲ್ಟ್ ಹಿಡಿದುಕೊಂಡೇ ಇರುತ್ತದೆ, ಕೊನೆಗೆ ಧಡಕ್ಕನೆ ಕೈಬಿಡುತ್ತದೆ.

ಇನ್ನು ಪಿಡಬ್ಲ್ಯೂಎಂ. ದೀಪಕ್ಕೆ ಪೂರ್ತಿ 12 ವೋಲ್ಟನ್ನೇ ಕೊಡುವುದು, ಆದರೆ ಸೆಕೆಂಡಿಗೆ ನೂರಾರು ಸಲ ಹಚ್ಚಿ ಆರಿಸುವುದು. ಹಚ್ಚಿಟ್ಟ ಹೊತ್ತು ಕಡಿಮೆಯಾದಷ್ಟೂ ಬೆಳಕು ಕಡಿಮೆ. ಮೊದಲು ರೆಡಿಮೇಡ್ ಡಬ್ಬಿ ತಂದೆ. ಹತ್ತು ನಿಮಿಷದಲ್ಲಿ ಜೋಡಿಸಿ ಮುಗಿಯಿತು. ಇದು ಕೆಟ್ಟದ್ದೇನಲ್ಲ. ಆದರೆ ನನಗೆ ಸಿಕ್ಕಿದ್ದು ನಾಬ್ ತಿರುಗಿಸುತ್ತಿದ್ದಂತೆ ಕತ್ತಲಿನಿಂದ ಒಮ್ಮೆಲೇ ಸಾಕಷ್ಟು ಬೆಳಕಿಗೆ ಜಿಗಿಯುತ್ತಿತ್ತು. ನನಗೆ ಬೇಕಾದ ಬೆಳಕು ಆ ಜಿಗಿತದಲ್ಲೇ ಕಳೆದುಹೋಗಿತ್ತು. ಇನ್ನೊಂದು ವಿಷಯ, ಇಂಥವು ಸಾಮಾನ್ಯವಾಗಿ ನೆಗೆಟಿವ್ ತಂತಿಯನ್ನೇ ಕತ್ತರಿಸುತ್ತವೆ. ದೀಪದ ಲೋಹದ ಮೈ ಎಲ್ಲಾದರೂ ಸಪ್ಲೈಯ ನೆಗೆಟಿವ್‌ಗೆ ತಾಗಿದ್ದರೆ ನಾಬ್ ಸುಮ್ನೆ ತಿರುಗುತ್ತದೆ, ದೀಪ ಪೂರ್ತಿ ಉರಿಯುತ್ತದೆ. ನನಗೆ ಅರ್ಧ ದಿನ ತಲೆ ಕೆಟ್ಟಿತ್ತು.

ಕೊನೆಗೆ ನಾನೇ ಮಾಡಿಕೊಂಡೆ. ಹಚ್ಚಿ ಆರಿಸುವ ತಾಳಕ್ಕೆ ಒಂದು 555 ಟೈಮರ್ ಐಸಿ, ಎರಡು 1ಎನ್4148 ಡಯೋಡ್, 100 ಕಿಲೋಓಮ್ ಪಾಟ್, ಸ್ವಿಚ್ಚಿನ ಕೆಲಸಕ್ಕೆ ಒಂದು ಐಆರ್‌ಎಫ್‌ಝಡ್44ಎನ್ ಮಾಸ್‌ಫೆಟ್. ಅದನ್ನು ಹಚ್ಚಿ ಆರಿಸುವ ಕಾಲಾದ ಗೇಟಿಗೆ ಹತ್ತು ವೋಲ್ಟಿನಷ್ಟು ಸಿಗುವುದರಿಂದ ಮಾಸ್‌ಫೆಟ್ ಪೂರ್ತಿ ತೆರೆದುಕೊಳ್ಳುತ್ತದೆ. ಲೆಕ್ಕ ಹಾಕಿದರೆ ಅದರಲ್ಲಿ ಬಿಸಿಯಾಗಿ ಹೋಗುವುದು ಒಂದು ವ್ಯಾಟಿನ ಇಪ್ಪತ್ತನೇ ಒಂದು ಭಾಗ. ಹೀಟ್‌ಸಿಂಕ್ ಬೇಕಿಲ್ಲ, ಬೆರಳಿಟ್ಟರೆ ತಣ್ಣಗಿದೆ.

ಮೊದಲು 100 ನ್ಯಾನೊಫ್ಯಾರಡ್ ಕೆಪಾಸಿಟರ್ ಹಾಕಿ 120 ಹರ್ಟ್ಜ್ (ಸೆಕೆಂಡಿಗೆ 120 ಸಲ) ಆಸುಪಾಸು ಓಡಿಸಿದೆ. ಹ್ಯಾಲೊಜೆನ್‌ಗೆ ಇದು ತಿಳಿಯಲೇ ಇಲ್ಲ, ಕಾದ ಫಿಲಮೆಂಟ್ ಅಷ್ಟು ಬೇಗ ತಣಿಯುವುದಿಲ್ಲ. ಎಲ್‌ಇಡಿ ಹಾಗಲ್ಲ. ಕೈ ಆಡಿಸಿದರೆ ಬೆರಳು ಹತ್ತಾಗಿ ಕಂಡವು. 10 ನ್ಯಾನೊಫ್ಯಾರಡ್‌ಗೆ ಬದಲಿಸಿ 1.2 ಕಿಲೋಹರ್ಟ್ಜ್ ಮಾಡಿದ ಮೇಲೆ ಅದು ಬಹುಮಟ್ಟಿಗೆ ಹೋಯಿತು. ಬದಲಿಗೆ ಸಪ್ಲೈ ಡಬ್ಬಿಯಿಂದ ಸಣ್ಣಗೆ ಕುಂಯ್ ಎನ್ನುವ ಸದ್ದು ಶುರುವಾಯಿತು. ಸಪ್ಲೈಯನ್ನು ಮಂಚದ ಕೆಳಗಿನಿಂದ ಕಪಾಟಿನ ಹಿಂದಕ್ಕೆ ಸರಿಸಿದೆ. ಇದು ಪರಿಹಾರವಲ್ಲ ಅಂತ ಗೊತ್ತು.

ತಳದ ಬೆಳಕು? ಈ ಸರ್ಕ್ಯೂಟ್ ನೂರರಲ್ಲಿ ಒಂದರವರೆಗೆ ಇಳಿಯುತ್ತದೆ. ಒಂದು ಅಂದರೆ ಏನೂ ಇಲ್ಲ ಅನ್ನಬೇಡಿ, ಕಣ್ಣಿಗೆ ಅದು ಸುಮಾರು ಹತ್ತರಷ್ಟು ಅನಿಸುತ್ತದೆ. ಲೋಟ ಕಾಣುತ್ತದೆ, ಚಪ್ಪಲಿಯೂ ಕಾಣುತ್ತದೆ. ಇದೇ ಕಾರಣಕ್ಕೆ ಸಾದಾ ಪಾಟಿನಲ್ಲಿ ಎಲ್ಲ ಬದಲಾವಣೆ ಮೊದಲ ಕಾಲು ತಿರುವಿನಲ್ಲೇ ಮುಗಿದುಹೋಗುತ್ತಿತ್ತು. ಆಡಿಯೋ ವಾಲ್ಯೂಮಿಗೆ ಬಳಸುವ, ಶುರುವಿನಲ್ಲಿ ನಿಧಾನವಾಗಿ ಬದಲಾಗುವ ಲಾಗ್ ಪಾಟ್ ಹಾಕಿದೆ. ಈಗ ನಾಬ್ ಕೈಯ ಮಾತು ಕೇಳುತ್ತದೆ.

ಕರೆಂಟನ್ನೇ ಸ್ಥಿರವಾಗಿಡುವ ಎಲ್‌ಇಡಿ ಡ್ರೈವರ್ ನಿಮ್ಮದಾದರೆ, ಅಂದರೆ ಮೇಲೆ 350 ಅಥವಾ 700 ಮಿಲಿಆಂಪ್ ಎಂದು ಬರೆದಿದ್ದರೆ, ಅದರ ಹಿಂದೆ ಈ ಮಾಸ್‌ಫೆಟ್ ಹಾಕಬೇಡಿ. ಆರಿಸಿದಾಗೆಲ್ಲ ಅದು ವೋಲ್ಟೇಜ್ ಏರಿಸಿ ಕಾಯುತ್ತದೆ, ಹಚ್ಚಿದಾಗ ಎಲ್‌ಇಡಿಗೆ ಪೆಟ್ಟು. ಹ್ಯಾಲೊಜೆನ್‌ನ ಹಳೇ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರಿಗೂ ಇದು ಬೇಡ, ಅದರಿಂದ ಬರುವುದು ಡಿಸಿ ಅಲ್ಲ.

ಲಾಗ್ ಪಾಟ್ ಕೊಳ್ಳುವಾಗ ಹಳೇ ರೇಡಿಯೋದಲ್ಲಿದ್ದ ಹಾಗೆ ತುದಿಯಲ್ಲಿ ಟಕ್ ಎನ್ನುವ ಸ್ವಿಚ್ ಇರುವುದನ್ನೇ ತಂದೆ. ದೀಪ ಯಾವಾಗಲೂ ತಳದಿಂದಲೇ ಹತ್ತುತ್ತದೆ. ತಣ್ಣನೆಯ ಹ್ಯಾಲೊಜೆನ್ ಹತ್ತಿಕೊಳ್ಳುವಾಗ ಎಳೆಯುವ ಹತ್ತು ಪಟ್ಟು ಕರೆಂಟಿಗೆ ಸಪ್ಲೈ ಮೊದಲು ಒಂದೆರಡು ಸಲ ಬಿಕ್ಕಳಿಸುತ್ತಿತ್ತು, ಈಗ ಇಲ್ಲ. ಎಲ್‌ಇಡಿ ಬೆಳಕಿನಲ್ಲಿ ಫೋನಿನಿಂದ ಫೋಟೋ ತೆಗೆದರೆ ಮಾತ್ರ ಇವತ್ತಿಗೂ ಅಡ್ಡ ಪಟ್ಟೆ ಬೀಳುತ್ತವೆ.