ಎಲ್‌ಎಲ್‌ಆರ್ ಪ್ರಶ್ನೋತ್ತರ ಪುಸ್ತಿಕೆ: ಮೂರು ವರ್ಷ ಬಳಸಿದ ಮೇಲೆ

ಡ್ರೈವಿಂಗ್ ಸ್ಕೂಲಿನವರು ಎಲ್‌ಎಲ್‌ಆರ್‌ಗೆ (ಕಲಿಯುವವರ ಲೈಸೆನ್ಸಿಗೆ) ಫಾರಂ ತುಂಬಿಸುವಾಗ ಕೈಗಿಡುವ, ಪೇಟೆಯ ಜೆರಾಕ್ಸ್ ಅಂಗಡಿಯಲ್ಲೂ ಸಿಗುವ ಕನ್ನಡದ ಪುಸ್ತಿಕೆ. ತೀರ್ಥಹಳ್ಳಿಯ ಒಂದೇ ಮನೆಯಲ್ಲಿ ಮೂರು ವರ್ಷದಿಂದ ಕೈಯಿಂದ ಕೈಗೆ ದಾಟಿದೆ. ಐದಕ್ಕೆ ಮೂರು ಸ್ಟಾರ್.

ಚಿಹ್ನೆಗಳ ಪುಟಗಳೇ ಇದರ ಜೀವಾಳ, ಆದರೆ ಬಣ್ಣದ ಪ್ರತಿಯಾದರೆ ಮಾತ್ರ. ಕೆಂಪು ಅಂಚಿನ ವೃತ್ತ ಬಹುಮಟ್ಟಿಗೆ ‘ಮಾಡಬೇಡಿ’, ನೀಲಿ ವೃತ್ತ ‘ಮಾಡಲೇಬೇಕು’, ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆ. ‘ಹಾರ್ನ್ ಕಡ್ಡಾಯ’ ನೀಲಿಯಲ್ಲಿರುತ್ತದೆ, ‘ಹಾರ್ನ್ ನಿಷೇಧ’ ಕೆಂಪು ಅಂಚಿನಲ್ಲಿ. ಮಸುಕು ಜೆರಾಕ್ಸಿನಲ್ಲಿ ಅಡ್ಡಗೆರೆ ಅಳಿಸಿಹೋದರೆ ಎರಡೂ ಒಂದೇ. ನೋ ಪಾರ್ಕಿಂಗ್‌ಗೆ ಒಂದು ಅಡ್ಡಗೆರೆ, ನೋ ಸ್ಟಾಪಿಂಗ್‌ಗೆ ಎರಡು. ಹೆಚ್ಚಿನವರು ಎಡವುವುದು ಇಲ್ಲೇ. ಕಿರಿದಾದ ಸೇತುವೆ, ಮುಂದೆ ಕಿರಿದಾಗುವ ರಸ್ತೆ, ಈ ಜೋಡಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ.

ದಂಡದ ಪುಟ ಮಾತ್ರ ಹಳಸಲು. 2019ರ ಸೆಪ್ಟೆಂಬರ್ 1ರಿಂದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಜಾರಿಯಾಗಿದೆ, ಪುಸ್ತಿಕೆಯಲ್ಲಿ ಇನ್ನೂ ಹೆಲ್ಮೆಟ್ಟಿಗೆ 100, ಕುಡಿದು ಓಡಿಸಿದರೆ 2,000. ಈಗ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಓಡಿಸಿದರೆ 5,000. ಮೊದಲ ಸಲ ಕುಡಿದು ಸಿಕ್ಕಿಬಿದ್ದರೆ 10,000ದವರೆಗೆ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಪೆನ್ನಲ್ಲಿ ಹೊಡೆದು ಹೊಸದು ಬರೆದಿಟ್ಟುಕೊಳ್ಳಿ.

ಘಾಟಿಯ ಪ್ರಶ್ನೆಗಳನ್ನು ಕೊನೆಯ ಪುಟಕ್ಕೆ ತಳ್ಳಿದ್ದಾರೆ. ಆಗುಂಬೆಯ 14 ಹೇರ್‌ಪಿನ್ ತಿರುವು ಮನೆಯಂಗಳದಲ್ಲಿರುವ ಊರಿನವರಿಗೆ ಇದು ತೀರಾ ಕಡಿಮೆ! ಕಿರಿದಾದ ಏರುರಸ್ತೆಯಲ್ಲಿ ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು. ‘ಇಳಿಯೋ ಗಾಡಿ ನಿಲ್ಲಿಸೋದು ಕಷ್ಟ’ ಅಂದುಕೊಂಡು ಉಲ್ಟಾ ಗುರುತು ಹಾಕುವವರೇ ಜಾಸ್ತಿ. ಏರಿನಲ್ಲಿ ನಿಂತ ಗಾಡಿಯನ್ನು ಹಿಂದೆ ಜಾರದಂತೆ ಮತ್ತೆ ಎಬ್ಬಿಸುವುದು ಅದಕ್ಕಿಂತ ಕಷ್ಟ, ನಿಯಮ ಅದಕ್ಕೇ ಹಾಗಿದೆ. ಇಳಿಜಾರಿನಲ್ಲಿ ನ್ಯೂಟ್ರಲ್ ತಪ್ಪು: ಎಂಜಿನ್ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕ್ ಮೇಲೇ ಬಿದ್ದು ಬಿಸಿಯಾಗುತ್ತದೆ. ಮಂಜಿನಲ್ಲಿ ಲೋ ಬೀಮ್ (ತಗ್ಗಿಸಿದ ಹೆಡ್‌ಲೈಟ್). ಹೈ ಬೀಮ್ ಹಾಕಿದರೆ ಬೆಳಕು ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತದೆ.

ಕನ್ನಡ ಸ್ವಲ್ಪ ಗಟ್ಟಿ. ‘ಹಿಂದಿಕ್ಕು’ ಅಂದರೆ ಓವರ್‌ಟೇಕ್ ಅಂತ ಗೊತ್ತಿರಬೇಕು. ‘ಯಾವುದು ಸರಿಯಲ್ಲ’ ಎಂಬ ಪ್ರಶ್ನೆಯನ್ನು ಎರಡು ಸಲ ಓದಿ. ಪಾಸಾಗಲು ನೂರಕ್ಕೆ 60 ಸಾಕು, ಹಾಗಾಗಿ ಬಾಯಿಪಾಠದ ಗೋಜು ಬೇಡ. ಪುಸ್ತಿಕೆ ಮುಗಿಸಿದ ಮೇಲೆ ಸರ್ಕಾರದ ಸಾರಥಿ ಪೋರ್ಟಲಿನ ಮಾಕ್ ಟೆಸ್ಟ್ (ಅಭ್ಯಾಸ ಪರೀಕ್ಷೆ) ನಾಲ್ಕೈದು ಸಲ ಮಾಡಿ, ಗಡಿಯಾರದ ಒತ್ತಡ ಕಾಗದದಲ್ಲಿ ಸಿಗುವುದಿಲ್ಲ. ಆಧಾರ್ ಮೂಲಕ ಮನೆಯಲ್ಲೇ ಕ್ಯಾಮೆರಾ ಮುಂದೆ ಪರೀಕ್ಷೆ ಬರೆಯುವವರು ಮುಖದ ಮೇಲೆ ಬೆಳಕು ಬೀಳುವಂತೆ ಕೂತು, ಹಿಂದೆ ಯಾರೂ ಓಡಾಡದಂತೆ ನೋಡಿಕೊಳ್ಳಿ. ಜೂನ್-ಜುಲೈ ಮಳೆಯಲ್ಲಿ ನಮ್ಮ ಕಡೆಯ ಕರೆಂಟು, ನೆಟ್ಟು ಎರಡನ್ನೂ ನಂಬಬೇಡಿ.

ಕೊಳ್ಳುವ ಮೊದಲು ಅಂಗಡಿಯಲ್ಲೇ ದಂಡದ ಪುಟ ತೆರೆದು ನೋಡಿ. ಹೆಲ್ಮೆಟ್ಟಿಗೆ 100 ಅಂತಿದ್ದರೆ ಹೊಸ ಮುದ್ರಣ ಕೇಳಿ.