ಹೊಸ ದರ ಹಾಕಿದರೆ ಬರುವ ಆ ಒಂದು ಪ್ರಶ್ನೆ: ಇಂಟೀರಿಯರ್ ಖರೀದಿ ಆ್ಯಪ್, ಮೂರು ವರ್ಷದ ಬಳಕೆಯ ನಂತರ

ಅಂಗಡಿಯವರು ಪ್ಲೈವುಡ್ ದರ ಏರಿಸಿದ್ದಾರೆ ಅಂದುಕೊಳ್ಳಿ. ಆ್ಯಪ್‌ನಲ್ಲಿ ಖರೀದಿ ಆರ್ಡರ್ ತೆರೆದು ಹೊಸ ದರ ತುಂಬಿದ ಕೂಡಲೇ ಪರದೆ ಕೇಳುತ್ತದೆ: "ಗ್ರಾಹಕರ ದರವನ್ನೂ ಬದಲಿಸಬೇಕೆ?" ಹೌದು, ಬೇಡ, ಎರಡೇ ಗುಂಡಿ. ಸೈಟ್ ಫೋಟೊ, ಹಾಜರಿ, ಡ್ರಾಯಿಂಗ್ ಹಂಚುವುದು ಎಲ್ಲ ಚೆನ್ನಾಗಿಯೇ ನಡೆಯುತ್ತವೆ. ಅವುಗಳ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ. ದುಡ್ಡು ಕಳೆಯುವುದು, ಗ್ರಾಹಕರ ನಂಬಿಕೆ ಕಳೆಯುವುದು ಈ ಎರಡು ಗುಂಡಿಗಳ ಹತ್ತಿರ.

ಗ್ರಾಹಕರ ಜತೆ ಕೂಲಿ ಬೇರೆ, ಸಾಮಾನು ಬೇರೆ ಎಂಬ ಕರಾರು. ಸಾಮಾನಿಗೆ ಕೊಂಡ ದರದ ಮೇಲೆ ಶೇ. 20 ನಮ್ಮ ಲಾಭ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಿಂದ 18 ಎಂಎಂ ಬಿಡಬ್ಲ್ಯೂಪಿ (ಕುದಿಯುವ ನೀರನ್ನೂ ತಡೆಯುವ) ಪ್ಲೈ 40 ಶೀಟು ಬರಬೇಕು. 8×4ರ ಶೀಟಿಗೆ 32 ಚದರ ಅಡಿ, ಒಟ್ಟು 1,280. ಲೆಕ್ಕಕ್ಕೆ ಚದರ ಅಡಿಗೆ ₹112 ಇದ್ದದ್ದು ₹118 ಆಯಿತು ಎನ್ನಿ. ಗ್ರಾಹಕರ ದರ ₹134.40 ಇತ್ತು. "ಹೌದು" ಒತ್ತಿದರೆ ₹141.60. ಗ್ರಾಹಕರು ಹೆಚ್ಚು ಕೊಡಬೇಕಾದದ್ದು ₹9,216. ಅಂಗಡಿಗೆ ನಾವು ಹೆಚ್ಚು ಕೊಡುವುದು ₹7,680. ನಡುವಿನ ₹1,536 ದರ ಏರಿದ್ದಕ್ಕೆ ನಮಗೆ ಸಿಕ್ಕ ಬಹುಮಾನ! "ಬೇಡ" ಒತ್ತಿದರೆ ಪೂರ್ತಿ ₹7,680 ನಮ್ಮ ಲಾಭದಿಂದ ಹೋಗುತ್ತದೆ. ಬೇಕಾದದ್ದು ಮೂರನೇ ಗುಂಡಿ: ಲಾಭದ ರೂಪಾಯಿ ಹಾಗೇ ಇರಲಿ, ಏರಿದ ₹6 ಮಾತ್ರ ಸೇರಲಿ, ದರ ₹140.40 ಆಗಲಿ. ಗ್ರಾಹಕರು ಇನ್ನೂ ಒಪ್ಪದ ಕೊಟೇಶನ್‌ಗೆ ಶೇಕಡಾ ಲೆಕ್ಕ ಸರಿಯೇ. ಒಪ್ಪಿ ಅಡ್ವಾನ್ಸ್ ಕೊಟ್ಟ ಮೇಲೆ ಏರಿಕೆಯ ಮೇಲೂ ಕಮಿಷನ್ ಹಾಕುವುದು ನ್ಯಾಯವಲ್ಲ.

ಕೊಟೇಶನ್ ದರಕ್ಕೆ ಕೊಟ್ಟ ಅವಧಿಯೊಳಗೆ ಗ್ರಾಹಕರು ಒಪ್ಪಿ, ದುಡ್ಡು ಕೊಟ್ಟು, ಆರ್ಡರ್ ಹಾಕಲು ನಾವೇ ತಡ ಮಾಡಿದ್ದರೆ "ಬೇಡ" ಒತ್ತಲೇಬೇಕು. ಒಪ್ಪಿದ ತಾರೀಖು ಮತ್ತು ಆರ್ಡರ್ ತಾರೀಖು ಎರಡೂ ಆ್ಯಪ್‌ನಲ್ಲೇ ಇವೆ, ಆದರೆ ಪ್ರಶ್ನೆ ಕೇಳುವಾಗ ಎರಡನ್ನೂ ತೋರಿಸುವುದಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಅರ್ಧ ಮಾಲು ಬಂದಾಗ. 40ರಲ್ಲಿ 24 ಶೀಟು ಹಳೆಯ ದರದಲ್ಲೇ ಇಳಿದಿವೆ, ಬಿಲ್ಲೂ ಆಗಿದೆ. ಉಳಿದ 16ಕ್ಕೆ ಮಾತ್ರ ಹೊಸ ದರ. ನಿಜವಾದ ಏರಿಕೆ ₹3,072. ಆದರೆ ಆರ್ಡರ್‌ನ ಒಂದು ಸಾಲಿಗೆ ಒಂದೇ ದರದ ಖಾನೆ ಇರುವುದರಿಂದ, ಗ್ರಾಹಕರ ಸಾಲು ರಸೀದಿಗೆ ಅಂಟದೆ ಆರ್ಡರ್‌ಗೆ ಅಂಟಿಕೊಂಡಿರುವುದರಿಂದ, 40 ಶೀಟಿಗೂ ಹೊಸ ದರ ಹತ್ತಿ ಅದೇ ₹9,216 ಹೋಗಿ ಕೂರುತ್ತದೆ. ಸರಿಯಾಗಿ ಮೂರು ಪಟ್ಟು. ಎಚ್ಚರಿಕೆಯ ಒಂದು ಅಕ್ಷರವೂ ಬರುವುದಿಲ್ಲ.

ದಾರಿ ಇದೆ, ಸ್ವಲ್ಪ ಉದ್ದ. ದರ ಮುಟ್ಟುವ ಮೊದಲು ಬಂದ 24 ಶೀಟನ್ನು ಅಂಗಡಿಯ ಬಿಲ್ ನಂಬರಿನೊಂದಿಗೆ "ಸ್ವೀಕೃತಿ"ಗೆ ಹಾಕಬೇಕು. ಆಮೇಲೆ ಆ ಆರ್ಡರನ್ನು 24ಕ್ಕೇ ಮುಚ್ಚಬೇಕು. ರದ್ದು ಮಾಡಬಾರದು, ರದ್ದಾದರೆ ಸ್ವೀಕೃತಿಯೂ ಹೋಗುತ್ತದೆ. ಅದನ್ನೇ ನಕಲು ಮಾಡಿ 16 ಶೀಟಿಗೆ ಹೊಸ ದರದ ಆರ್ಡರ್ ಮಾಡಿ, ಪ್ರಶ್ನೆ ಬಂದಾಗ "ಬೇಡ" ಒತ್ತಿ, ಗ್ರಾಹಕರ ಕೊಟೇಶನ್ ಪಟ್ಟಿಯಲ್ಲಿ ಸಾಲನ್ನು ಕೈಯಾರೆ ಎರಡು ಮಾಡಿ: 24 ಶೀಟು ₹134.40ಕ್ಕೆ, 16 ಶೀಟು ₹140.40ಕ್ಕೆ. ಕೊಟೇಶನ್ ನಂಬರಿಗೆ ಆರ್-1 (ಮೊದಲ ತಿದ್ದುಪಡಿ) ಎಂದು ಸೇರಿಸಿ, ಅಂಗಡಿಯ ಹೊಸ ದರಪಟ್ಟಿಯ ಜತೆ ಪಿಡಿಎಫ್ ವಾಟ್ಸಾಪ್ ಮಾಡಿ. "ಓಕೆ" ಬರುವ ತನಕ ಆ 16 ಶೀಟು ತರಿಸಬೇಡಿ.

ಗ್ರಾಹಕರಿಗೆ ಇನ್‌ವಾಯ್ಸ್ ಹೋದ ಮೇಲೆ ಈ ದಾರಿಯೂ ಇಲ್ಲ. ಆಗ ವ್ಯತ್ಯಾಸಕ್ಕೆ ಡೆಬಿಟ್ ನೋಟ್ (ಹೆಚ್ಚಿನ ಮೊತ್ತ ಕೇಳುವ ಚೀಟಿ) ಬೇಕು, ದರ ಇಳಿದಿದ್ದರೆ ಕ್ರೆಡಿಟ್ ನೋಟ್ (ಮೊತ್ತ ಇಳಿಸುವ ಚೀಟಿ). ಆ್ಯಪ್ ಮಾತ್ರ ಬಿಲ್ ಆದ ಸಾಲಿನ ದರವನ್ನೂ ತಿದ್ದಲು ಬಿಡುತ್ತದೆ. ತಿದ್ದಿದರೆ ಪಟ್ಟಿಗೂ ಜಿಎಸ್‌ಟಿ ರಿಟರ್ನ್‌ಗೂ ತಾಳೆ ತಪ್ಪುತ್ತದೆ.

ಇಷ್ಟಾದರೂ ಇದನ್ನು ಬಿಡದೆ ಇರುವುದಕ್ಕೆ ಕಾರಣ "ದರ ಇತಿಹಾಸ". ಯಾವುದೇ ಸಾಮಾನಿನ ಹೆಸರನ್ನು ಒತ್ತಿ ಹಿಡಿದರೆ ಯಾವ ತಾರೀಖು, ಯಾವ ಅಂಗಡಿ, ಎಷ್ಟರಿಂದ ಎಷ್ಟಕ್ಕೆ, ಯಾರು ಬದಲಿಸಿದರು ಎಲ್ಲ ಒಂದರ ಕೆಳಗೊಂದು ಬರುತ್ತವೆ. ಪ್ರತಿ ಬದಲಾವಣೆಗೂ ಅಂಗಡಿಯ ಚೀಟಿಯ ಫೋಟೊ ಅಂಟಿಸಬಹುದು. ಶನಿವಾರದ ಬಟವಾಡೆಗೆ ಮೊದಲು, ಶುಕ್ರವಾರ ಸಂಜೆ ಅರ್ಧ ಗಂಟೆ ಇದಕ್ಕೇ ಇಟ್ಟುಕೊಳ್ಳುವುದು ಒಳ್ಳೆಯದು. ವಾರದ ಬದಲಾವಣೆಗಳನ್ನು ಮಾತ್ರ ಸೋಸಿ, ಏರಿದ್ದು ಕೆಂಪು, ಇಳಿದದ್ದು ಹಸಿರು. ಮೊದಲು ಹಸಿರನ್ನು ನೋಡಿ. ಇಳಿದ ದರವನ್ನು ಗ್ರಾಹಕರಿಗೆ ತಾವಾಗಿಯೇ ಬಿಟ್ಟುಕೊಟ್ಟವರ ಕೆಂಪು ಸಾಲುಗಳಿಗೆ ಚೌಕಾಸಿ ಕಡಿಮೆ. ಚೀಟಿಯ ಫೋಟೊ ಸಮೇತ ಇತಿಹಾಸ ಕಳಿಸಿದರೆ ಫೋನಿನಲ್ಲಿ ವಿವರಿಸುವ ಕೆಲಸವೇ ಉಳಿಯುವುದಿಲ್ಲ. ಇಷ್ಟು ಅಚ್ಚುಕಟ್ಟು ಎಕ್ಸೆಲ್‌ನಲ್ಲಿ ಕೈಯಾರೆ ತರುವುದು ಕಷ್ಟ.

ಆದರೆ ಎಲೆಕ್ಟ್ರಿಕಲ್ ಸಾಮಾನಿಗೆ ಈ ಕೆಂಪು-ಹಸಿರನ್ನು ನಂಬಬೇಡಿ. ವೈರಿನ ಅಂಗಡಿಗಳು ಲಿಸ್ಟ್ ದರ ಹಾಗೇ ಬಿಟ್ಟು ಡಿಸ್ಕೌಂಟ್ ಇಳಿಸುತ್ತವೆ. ಲಿಸ್ಟ್ ₹4,000ದ ಕಾಯಿಲಿಗೆ (ವೈರಿನ ಸುರುಳಿಗೆ) ಡಿಸ್ಕೌಂಟ್ ಶೇ. 42 ಇದ್ದದ್ದು ಶೇ. 38 ಆದರೆ ಕೊಳ್ಳುವ ದರ ₹2,320ರಿಂದ ₹2,480. ಹನ್ನೆರಡು ಕಾಯಿಲಿಗೆ ₹1,920. ಆ್ಯಪ್ ಕಾಯುವುದು ಲಿಸ್ಟ್ ದರದ ಖಾನೆಯನ್ನು ಮಾತ್ರ, ಹಾಗಾಗಿ ಪ್ರಶ್ನೆಯೂ ಇಲ್ಲ, ಕೆಂಪೂ ಇಲ್ಲ. ಡಿಸ್ಕೌಂಟ್ ಖಾನೆ ಖಾಲಿ ಬಿಟ್ಟು ನಿವ್ವಳ ದರವನ್ನೇ ತುಂಬಿ.

ತೆರಿಗೆಯೂ ಅಷ್ಟೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್, ಎ.ಸಿ.ಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಗ್ರಾಹಕರ ದರವನ್ನು "ತೆರಿಗೆ ಸೇರಿ" ಎಂದು ಉಳಿಸಿದ್ದರೆ ಆ್ಯಪ್ ಒಟ್ಟು ಮೊತ್ತವನ್ನು ಹಿಡಿದುಕೊಂಡು ಮೂಲ ದರವನ್ನು ಏರಿಸುತ್ತದೆ. ₹30,000 ಮೂಲ ದರದ ಎ.ಸಿ. ₹38,400 ಇದ್ದದ್ದು ₹35,400 ಆಗಬೇಕು. ಬದಲಿಗೆ ₹38,400 ಹಾಗೇ ನಿಂತು ಮೂಲ ದರ ₹32,542.37 ಆಗುತ್ತದೆ. ಗ್ರಾಹಕರು ₹3,000 ಹೆಚ್ಚು ಕೊಟ್ಟಂತಾಯಿತು, ಅದರಲ್ಲಿ ₹2,542.37 ಸದ್ದಿಲ್ಲದೆ ನಮ್ಮ ಕಡೆ ಸರಿಯಿತು. ಸೆಟ್ಟಿಂಗ್ಸ್‌ನಲ್ಲಿ ಎಲ್ಲ ಸಾಮಾನನ್ನೂ "ತೆರಿಗೆ ಬಿಟ್ಟು" ಮಾಡಿಡಿ.

ವಾರ್ಡ್‌ರೋಬನ್ನು ಚದರ ಅಡಿಗೆ ಇಷ್ಟು ಎಂದು ಕೂಲಿ-ಸಾಮಾನು ಸೇರಿಸಿ ಹೇಳುವವರಿಗೆ ಈ ಆ್ಯಪ್‌ನಿಂದ ಉಪಯೋಗ ಕಡಿಮೆ, ಒಂದು ಅಡಿ ವಾರ್ಡ್‌ರೋಬಿಗೆ ಎಷ್ಟು ಪ್ಲೈ ಹೋಗುತ್ತದೆ ಎಂಬ ಕೊಂಡಿಯೇ ಇಲ್ಲಿ ಇಲ್ಲ. ಸಾಮಾನು ಬೇರೆ ಬಿಲ್ ಮಾಡುವ ಸಣ್ಣ ಕಚೇರಿಗೆ ತೆಗೆದುಕೊಳ್ಳಬಹುದು, ಅದೂ ಖರೀದಿ ನೋಡುವವರಿಗೆ ಒಂದೇ ಲಾಗಿನ್. ಸೈಟಿನವರಿಗೆ ಉಚಿತವಾಗಿ ನೋಡುವ ಸೌಲಭ್ಯವೇ ಸಾಕು. ಐದಕ್ಕೆ ಮೂರು ನಕ್ಷತ್ರ. ಹಾಕಿಕೊಂಡ ದಿನವೇ ಕೊಟೇಶನ್ ಅವಧಿಯನ್ನು ಬದಲಿಸಿ: ಅದು ತಾನಾಗಿಯೇ 30 ದಿನ ಇರುತ್ತದೆ, ಪ್ಲೈಗೆ 15, ವೈರಿಗೆ 7 ಇಡಿ.